ಶುಲ್ಕದ ಖಾನೆ

ಅರ್ಜಿ ನಂಬರು ಹದಿನೇಳು. ನೀಲಿ ಶಾಯಿ, ನಡುಗುವ ಅಕ್ಷರ.
ಹೆಸರು: ಓರ್ವಿಲ್ ಸ್ಟಾಡ್ಲರ್. ಕಸುಬು: ಟ್ರ್ಯಾಕ್ಟರ್ ರಿಪೇರಿ, ಈಗ ಇಲ್ಲ.
ಜಾಗ: ಯೋಧರ ಕಲ್ಲಿನ ಎದುರು.
ದಿನ: ಮೇ ತಿಂಗಳ ಕೊನೆಯ ಸೋಮವಾರ, ಬೆಳಗಿನ ಹತ್ತು.
ಉಪಕರಣ: ಧ್ವನಿವರ್ಧಕ, ಒಂದು.
ಉದ್ದೇಶ ಎಂಬಲ್ಲಿ ಗೆರೆ ಮೀರಿ, ಅಂಚು ಹತ್ತಿ ಬರೆದಿದ್ದ:
ಇವರೆಲ್ಲ ಒಂದು ಸುಳ್ಳಿಗಾಗಿ ಸತ್ತರು ಎಂದು ಹೇಳುವುದಕ್ಕೆ.

ಆ ಕಲ್ಲಿನಲ್ಲಿ ಕೆಳಗಿನಿಂದ ನಾಲ್ಕನೆಯ ಹೆಸರು
ನನ್ನ ತಮ್ಮನದು.

ಶುಲ್ಕದ ಖಾನೆ ಖಾಲಿ.
ನೆಬ್ರಾಸ್ಕಾದ ಈ ಪುಟ್ಟ ಊರಿನ ಕಟ್ಟಳೆ ಹೇಳುತ್ತದೆ:
ಐದು ಡಾಲರಿನಿಂದ ಸಾವಿರದವರೆಗೆ, ಗುಮಾಸ್ತರಿಗೆ ಸೂಕ್ತ ಕಂಡಷ್ಟು.
ಸೂಕ್ತ!
ಇಪ್ಪತ್ತೆರಡು ವರ್ಷ ಈ ಮೇಜಿನ ಹಿಂದೆ ಕೂತಿದ್ದೇನೆ,
ಆ ಪದದ ಹೊಟ್ಟೆ ಇಷ್ಟು ದೊಡ್ಡದೆಂದು ಗೊತ್ತೇ ಇರಲಿಲ್ಲ.

ಮೇಯರ್ ಬಂದು ಬಾಗಿಲಿಗೆ ಒರಗಿದರು, ಕೈಯಲ್ಲಿ ಕಾಫಿ.
"ಆಗಲ್ಲ ಅನ್ನಬೇಡ ವ್ಲಾಸ್ತಾ, ಆಗಲ್ಲ ಅಂದರೆ ಕೋರ್ಟಿಗೆ ಹೋಗ್ತಾನೆ.
ಜನ ಕೆರಳ್ತಾರೆ, ಪೊಲೀಸರು ಬೇಕಾಗ್ತಾರೆ, ಖರ್ಚಿದೆಯಲ್ಲ?
ಸಾವಿರ ಬರಿ. ಮುದುಕ ಎಲ್ಲಿಂದ ತರ್ತಾನೆ?
ಎಮಿಲ್‌ಗೋಸ್ಕರ ಬರಿ."
ಬಾಯಿಗೆ ಬೀಗ ಹಾಕಬೇಕಿಲ್ಲ,
ಬಾಯಿಗೆ ಬಾಡಿಗೆ ಇಟ್ಟರೆ ಸಾಕು.

ಅವರು ಹೋದಮೇಲೆ ಕಡತ ತೆಗೆದೆ.
ಕುಂಬಳಕಾಯಿ ಉತ್ಸವ: ಹದಿನೈದು.
ಲೂಥರನ್ನರ ಮೆರವಣಿಗೆ: ಹದಿನೈದು.
ಮೇಯರರದೇ ಚುನಾವಣಾ ಸಭೆ, ಮೊಟ್ಟೆ ತೂರಿದ ವರ್ಷದ್ದು,
ನಾಲ್ಕು ಜನ ಪೊಲೀಸರು ನಿಂತಿದ್ದರು:
ಹದಿನೈದು. ನನ್ನದೇ ಕೈಬರಹ.

ಶಾಲೆಯಲ್ಲಿ ಆ ತಿದ್ದುಪಡಿಯನ್ನು ಬಾಯಿಪಾಠ ಮಾಡಿಸಿದ್ದರು.
ಮಾತಾಡುವವರಿಗೆ ಕೊಟ್ಟ ಬಹುಮಾನ ಅಂದುಕೊಂಡಿದ್ದೆ.
ಈಗ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದರೆ
ಮಾತಾಡುವವನು ಆ ವಾಕ್ಯದ ಕರ್ತೃವೇ ಅಲ್ಲ.
ಕರ್ತೃ ಸರ್ಕಾರ. ಕ್ರಿಯಾಪದ: ಮಾಡಕೂಡದು.
ಸರ್ಕಾರ ಅಂದರೆ, ಈ ಮಧ್ಯಾಹ್ನ, ಈ ಕಿಟಕಿಯ ಮಟ್ಟಿಗೆ,
ನಾನು.
ಅದನ್ನು ಬರೆದದ್ದು ಓರ್ವಿಲನ ನಾಲಗೆಗಲ್ಲ,
ನನ್ನ ಬಲಗೈಗೆ.

ಅಷ್ಟು ತಿಳಿದರೆ ಸಿಟ್ಟು ಇಳಿಯುತ್ತದೆಯೆ? ಇಳಿಯಲಿಲ್ಲ.
ಒಂದು ಬರೆದೆ.
ಅದರ ಪಕ್ಕ ಮೂರು ಸೊನ್ನೆ ಹಿಡಿಯುವಷ್ಟು ಜಾಗವಿತ್ತು,
ಒಂದು ಐದು ಹಿಡಿಯುವಷ್ಟೂ ಇತ್ತು.
ಹೊರಗೆ ಧಾನ್ಯದ ಲಾರಿ ಹೋಯಿತು, ಗಾಜು ಗಡಗಡ ಅಂದಿತು.
ಎಮಿಲ್ ರಜೆಗೆ ಬಂದಾಗ ಊಟದ ನಡುವೆ
ಏನೋ ಹೇಳಲು ಹೊರಟಿದ್ದ ಒಮ್ಮೆ,
ಅಪ್ಪ "ಈ ಮನೆಯಲ್ಲಿ ಬೇಡ" ಅಂದಿದ್ದರು.
ಅವನು ಉಪ್ಪಿನ ಡಬ್ಬಿ ಕೇಳಿದ.

ಐದು ಬರೆದೆ.

ಓರ್ವಿಲ್ ಬಂದು ಚಿಲ್ಲರೆ ಎಣಿಸಿದ, ಥ್ಯಾಂಕ್ಸ್ ಹೇಳಲಿಲ್ಲ.
ನಾನೂ ಮುಖ ಎತ್ತಲಿಲ್ಲ.

ಸೋಮವಾರ ಹೋಗಬಾರದು ಅಂದುಕೊಂಡೇ ಹೋದೆ.
ಇಬ್ಬರು ಪೊಲೀಸರು, ಮೂವತ್ತು ಜನ, ಬೆನ್ನು ತಿರುಗಿಸಿ ನಿಂತವರು ಕೆಲವರು.
ಗಾಳಿ ಅವನ ಅರ್ಧ ಮಾತನ್ನು ಜೋಳದ ಹೊಲದ ಕಡೆ ಒಯ್ದಿತು.
ಸುಳ್ಳು ಅಂದ, ಎಣ್ಣೆ ಅಂದ, ಆಮೇಲೆ ಹೆಸರು ಓದತೊಡಗಿದ,
ಒಂದೊಂದೇ, ಮೇಲಿನಿಂದ.
"ಎಮಿಲ್ ರಸ್ಕ."

ರಸ್ಕ? ಚಹಾದಲ್ಲಿ ಅದ್ದುವುದಕ್ಕೆ?
"ಹ್ರುಷ್ಕಾ!" ಎಂದು ಕೂಗಿದೆ.
ಎಲ್ಲರೂ ತಿರುಗಿದರು, ಬೆನ್ನು ತಿರುಗಿಸಿದ್ದವರೂ.
ಕೂಗಲು ನಾನು ಅರ್ಜಿ ಹಾಕಿರಲಿಲ್ಲ.
"ಹ್ರುಷ್ಕಾ. ನಮ್ಮಜ್ಜಿಯ ಭಾಷೆಯಲ್ಲಿ ಮರಸೇಬು. ಸರಿಯಾಗಿ ಹೇಳು.
ಅವನ ಬಗ್ಗೆ ನೀನು ಹೇಳಿದ್ದು ತಪ್ಪು. ತಪ್ಪು ಅಂತಲೇ ಅಂದುಕೊಂಡಿದ್ದೇನೆ.
ಹೆಸರನ್ನಾದರೂ ಸರಿಯಾಗಿ ಹೇಳು."

ಓರ್ವಿಲ್ ಧ್ವನಿವರ್ಧಕ ಇಳಿಸಿದ.
ಕನ್ನಡಕ ಹಣೆಗೇರಿಸಿ ಕಾಗದವನ್ನು ಹತ್ತಿರ ಹಿಡಿದ.
ತುಟಿ ಎರಡು ಸಲ ಸುಮ್ಮನೆ ಆಡಿದವು.
"ಹ್ರುಷ್ಕಾ," ಅಂದ, ಬರೀ ಗಂಟಲಲ್ಲಿ.
ಆಮೇಲೆ ಧ್ವನಿವರ್ಧಕ ಎತ್ತಿ
ಮುಂದಿನ ಹೆಸರಿಗೆ ಹೋದ.