ಇತರೆ

ನಾರಿಚ್‌ನ ವಿಮಾ ಕಚೇರಿಯಲ್ಲೀಗ
ಹಿಲರಿ ಲಾರ್ಟರಳಿಗೆ ಓದುವ ಕೆಲಸವಿಲ್ಲ.
ಯಂತ್ರ ಓದುತ್ತದೆ, ಒಂಬತ್ತೇ ಸೆಕೆಂಡು;
ಇವಳದು ಬರೀ ಹೂಂಗುಟ್ಟುವುದು.

ಇವತ್ತೊಂದು ಅರ್ಜಿಗೆ ಕೆಂಪು ಗುರುತು:
ಕ್ರೋಮರಿನ ಮುದುಕ, ಕಳೆದ ಉಂಗುರ,
ತಾರೀಖು ಎರಡು ಕಡೆ ಎರಡು ಥರ.
ಸುಳ್ಳಿರಬಹುದು, ಶೇಕಡಾ ಎಂಬತ್ತೊಂದು.

ಫೋನು ಮಾಡಿದಳು.
ಆತ ತಾರೀಖು ಹೇಳಲಿಲ್ಲ.
ಹೆಂಡತಿಯ ಬೆರಳು ಸೊರಗಿತ್ತು,
ಉಂಗುರಕ್ಕೆ ದಾರ ಸುತ್ತಿ ತೊಡುತ್ತಿದ್ದಳು, ಅಂದ.
ಅಷ್ಟರಲ್ಲಿ ಕೆಟಲ್ ಕೂಗಿತು.
ಅದು ಸುಮ್ಮನಾಗುವತನಕ
ಇಬ್ಬರೂ ಕಾದರು.

ಕೊಡಿ, ಎಂದು ಒತ್ತಿದಳು.
ನನ್ನ ಮಾತು ಮೀರಲು ಕಾರಣ? ಯಂತ್ರ ಕೇಳಿತು,
ಆರು ಕಾರಣಗಳ ಪಟ್ಟಿ ಬಿಚ್ಚಿತು.
ದಾರ ಅದರಲ್ಲಿರಲಿಲ್ಲ.
ತೀರಾ ಕೆಳಗೆ, ‘ಇತರೆ’.
ಅಲ್ಲಿ ಬೆರಳಿಟ್ಟಳು.

ಮುಂದಿನ ತಿಂಗಳು
ಆ ಸಾಲು ತೆಗೆಯುತ್ತಾರಂತೆ.