ಸೂಜಿ

ಎರಡು ಅಂಗಿ, ಒಂದು ಚಡ್ಡಿ ಹೊಲಿದುಕೊಟ್ಟ ಕೂಲಿಗೆ
ನನ್ನಿವಾಳದಾಚೆಯ ಕುರಿಹಟ್ಟಿಯಿಂದ ಬಂದವಳು.
ಮೂತಿ ಅಷ್ಟು ಸಪೂರ, ಸೊಂಟ ಅಷ್ಟು ಸಣ್ಣ,
ದರ್ಜಿಯ ಬಾಯಿಗೆ ಬೇರೆ ಹೆಸರು ಬರಲಿಲ್ಲ.
"ಚಪ್ಪಲಿ ಕಾಯೋ ನಾಯಿ ಅಲ್ಲ ಕಣಪ್ಪ ಇದು,"
ಅಂದಿದ್ದ ಕಾಟಯ್ಯ,
"ಮೊದಲು ಕಣ್ಣು ಹೋಗ್ತೈತೆ, ಆಮೇಲೆ ಕಾಲು.
ನಿನ್ನ ಮಾತು ಎಲ್ಲಕ್ಕಿಂತ ಕೊನೆಗೆ."

ಚಳ್ಳಕೆರೆಯ ಎಣ್ಣೆಮಿಲ್ಲಿನ ಹಿಂದಿನ ಓಣಿ,
ಶೇಂಗಾ ಹಿಂಡಿಯ ವಾಸನೆಗೆ ಹೆಗ್ಗಣಗಳ ದಂಡು.
ಮೊದಲ ವಾರ ಒಂಬತ್ತು ಹಿಡಿದಳು;
ಮಿಲ್ಲಿನ ರೈಟರು ಬನ್ನು ತಂದುಕೊಟ್ಟ.
ಎರಡನೇ ವಾರ ಪ್ಯಾರೀಜಾನಮ್ಮನ ಹುಂಜ.
ಮುನ್ನೂರೈವತ್ತು ಕೊಟ್ಟು ತಲೆ ತಗ್ಗಿಸಿ ಬಂದೆ.
ಆಮೇಲೆ ಅಳಿಲು.
ಮಗಳು ಎರಡು ದಿನ ಅನ್ನದ ತಟ್ಟೆ
ಕಾಲಲ್ಲಿ ತಳ್ಳಿದಳು, ದೂರದಿಂದ.

ಅದೇ ಹಲ್ಲು. ಒಂದೇ ಸಲ ಕೊಡವುವ ಅದೇ ಕುತ್ತಿಗೆ.
ಬನ್ನು ಯಾವುದಕ್ಕೆ, ಬೈಗುಳ ಯಾವುದಕ್ಕೆ
ಅಂತ ಸೂಜಿ ನನ್ನ ಮುಖವನ್ನೇ ನೋಡುತ್ತಿದ್ದಳು.
ನನ್ನ ಟೇಪಿನಲ್ಲೂ ಆ ಅಳತೆ ಇರಲಿಲ್ಲ.

ಹಗ್ಗ ಮೂರು ಕಡಿದ ಮೇಲೆ
ರೆಗ್ಜಿನ್ ನಾಲ್ಕು ಪದರ ಹೊಲಿದು ಪಟ್ಟಿ ಮಾಡಿದೆ.
ಆರಿದ್ರ ಮಳೆ ನಾಲ್ಕು ಹನಿ ಉದುರಿಸಿ ಹೋದ ಬೆಳಿಗ್ಗೆ
ಕಾವಲಿನಲ್ಲಿ ಕೊಂಡಿ ತಾನಾಗಿ ಬಿಚ್ಚಿಕೊಂಡಿತು
ಅಂತ ಮನೆಯಲ್ಲಿ ಹೇಳಿದ್ದೇನೆ.

ಮೊಲ ಎದ್ದಿತು, ಹುಲ್ಲೇ ಎದ್ದು ಓಡಿದ ಹಾಗೆ.
ಸೂಜಿ ಓಡಲಿಲ್ಲ; ಆ ತುದಿಯಿಂದ ಯಾರೋ
ಕಾಣದ ದಾರ ಹಿಡಿದು ಎಳೆದುಕೊಂಡರು.
ಏಳು ತಿಂಗಳು ನನ್ನ ಹೊಸ್ತಿಲಲ್ಲಿ ಮಲಗಿದ್ದು
ಬೇರೆ ಯಾವುದೋ ಪ್ರಾಣಿ.

ಕಾವಲಿಗೆ ಅಡ್ಡ ಹೊಸ ಕಾಂಪೌಂಡು ಗೋಡೆ,
ಬುಡದಲ್ಲಿ ನೀರು ಹೋಗಲು ಒಂದು ತೂತು.
ಕಾಜಾದೊಳಗೆ ಗುಂಡಿ ನುಸುಳಿದಂತೆ
ನುಸುಳಿತು ಮೊಲ.
ಸೂಜಿ ಗೋಡೆ ಮೂಸಿದಳು. ನನ್ನತ್ತ ತಿರುಗಲಿಲ್ಲ.
ಮೊಲ ಉಳಿಯಿತಲ್ಲ ಅಂತಲೋ
ಇವಳಿಗೆ ತಪ್ಪಿತಲ್ಲ ಅಂತಲೋ,
ಉಸಿರಂತೂ ಬಿಟ್ಟೆ.

ಈಗ ರಾತ್ರಿ ಹನ್ನೊಂದು.
ಸ್ಕೂಲು ಯೂನಿಫಾರ್ಮಿನ ಗಂಟು ಇನ್ನೂ ಅರ್ಧ ಬಾಕಿ.
ಪೆಡಲಿನ ಮೇಲೆ ನನ್ನ ಪಾದ,
ಮಿಷನ್ನಿನ ಕೆಳಗೆ, ನಿದ್ದೆಯಲ್ಲಿ, ಅವಳ ನಾಲ್ಕೂ ಕಾಲು.
ಇಬ್ಬರೂ ಓಡುತ್ತಿದ್ದೇವೆ, ಇದ್ದಲ್ಲೇ.

"ಎಬ್ಬಿಸಪ್ಪ, ಕನಸು ಬಿದ್ದೈತೆ ಅದಕ್ಕೆ."
"ಬ್ಯಾಡ. ಇನ್ನೊಂದು ಮಾರು ಅಷ್ಟೆ. ಸಿಗ್ತೈತೆ ಮೊಲ."
"ಸಿಗಬಾರ್ದು," ಅಂದಳು ಮಗಳು,
ಏರಿಳಿಯುವ ಆ ಪಕ್ಕೆಲುಬಿನ ಮೇಲೆ
ಅಂಗೈ ಇಟ್ಟು,
ತೆಗೆಯದೆ.