ಮಂಗಳವಾರವಲ್ಲ, ಬುಧವಾರ

ಮಾನ್ಯರೇ,
ಇಲಾಖೆಯ ಕಂದು ಲಕೋಟೆ ಗ್ರಿಮ್ಸ್‌ಬಿಯ ನಮ್ಮ ಬಾಗಿಲಿಗೆ
ಶನಿವಾರ ಬಂತು. ಶನಿವಾರ ಅವರ ಫೋನಿಗೆ ರಜೆ.
ಹನ್ನೆರಡು ಬಾಬ್ತು, ಹನ್ನೆರಡು ಸೊನ್ನೆ.
ಇನ್ನೊಮ್ಮೆ ನೋಡಿ ಎಂದು ಬರೆದೆ. ನೋಡಿದರು.
ಸೊನ್ನೆಗಳು ಇನ್ನಷ್ಟು ದುಂಡಗಾದವು.

ಅಡುಗೆ ಮಾಡಬಲ್ಲೆಯಾ, ಎಂದು ಫೋನಿನಲ್ಲಿ ಕೇಳಿದ್ದರು.
ಬಲ್ಲೆ, ಅಂದಳು ಟ್ಯಾಮ್ಸಿನ್.
ಸುಳ್ಳಲ್ಲ. ನನ್ನ ಮಗಳಿಗೆ ಸುಳ್ಳು ಬರುವುದಿಲ್ಲ,
ಅದಕ್ಕೊಂದು ಕಾಲಂ ಆ ಫಾರಮ್ಮಿನಲ್ಲಿಲ್ಲ.
ಎರಡು ವರ್ಷದ ಹಿಂದೆ ಒಮ್ಮೆ ಮೊಟ್ಟೆ ಬೇಯಿಸಿದ್ದಳು,
ನಾನು ಪಕ್ಕದಲ್ಲಿ ನಿಂತು
ಈಗ ನೀರು, ಈಗ ಗ್ಯಾಸು, ಈಗ ಸಾಕು, ಎನ್ನುತ್ತ.
ಪಕ್ಕದಲ್ಲಿ ಯಾರಿದ್ದರು ಎಂದು ಅವರು ಕೇಳಲಿಲ್ಲ.
ಕೇಳದ್ದನ್ನು ಅವಳು ಹೇಳುವುದಿಲ್ಲ.

'ಮಾತು ಸ್ಪಷ್ಟ, ವಾಕ್ಯಗಳು ಪೂರ್ಣ' ಎಂದು ವರದಿ.
ಹೌದು. ಆ ನಲವತ್ತು ನಿಮಿಷದ ಪೂರ್ಣ ವಾಕ್ಯಗಳಾದ ಮೇಲೆ
ಮೂರು ದಿನ ಮಂಚದಡಿ ಮಲಗಿದಳು,
ಕಡಲಹಕ್ಕಿಗಳ ಕೂಗಿಗೆ ಕಿವಿ ಮುಚ್ಚಿಕೊಂಡು.
ತಿಂದದ್ದು ಒಣ ಬ್ರೆಡ್ಡು, ಅಂಚು ಕತ್ತರಿಸಿದ್ದು.

ಸಲಹಾ ಕೇಂದ್ರದ ಗ್ವೆಂಡಾ ಒಳ್ಳೆಯ ಹೆಂಗಸು, ಕೆಂಪು ಕನ್ನಡಕ.
ನನ್ನ ಅರ್ಜಿ ಓದಿ ಮಡಚಿಟ್ಟಳು:
ಡೆನಿಸ್, ನೀನು ತಾಯಿಯ ಹಾಗೆ ಬರೆದಿದ್ದೀಯ.
ಕೆಟ್ಟ ದಿನವನ್ನು ಬರಿ. ಪಾಯಿಂಟು ಕೆಟ್ಟ ದಿನಕ್ಕೇ.

ಇಪ್ಪತ್ಮೂರು ವರ್ಷ ಬೇರೆಯೇ ಲೆಕ್ಕ ಬರೆದವಳು ನಾನು.
ಫ್ರಿಜ್ಜಿನ ಮೇಲೆ ನೀಲಿ ನೋಟ್‌ಬುಕ್ಕಿದೆ:
ಆರನೇ ವಯಸ್ಸಿನಲ್ಲಿ, ಮೊದಲ ಸಲ, ನನ್ನನ್ನು ಕರೆದದ್ದು.
ಝಿಪ್ಪು ತಾನೇ ಎಳೆದುಕೊಂಡದ್ದು.
ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದದ್ದು, ಒಂಬತ್ತು ಸೆಕೆಂಡು.
ಅಂಗಡಿಯವನಿಗೆ 'ಬೇಡ' ಎಂದದ್ದು.
ಆ ದಿನ ಕೇಕು ತಂದಿದ್ದೆ.

ಅದೇ ಕೈ, ಮೀನು ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ
ನಿಂಬೆ ಉಜ್ಜಿದರೂ ನಾತ ಬಿಡದ ಕೈ
(ಹೆತ್ತವರಿಗೆ ಹೆಗ್ಗಣ ಮುದ್ದಲ್ಲವೆ,
ಆ ಮುದ್ದನ್ನು ಮುಳ್ಳು ಕಿತ್ತ ಹಾಗೆ ಒಂದೊಂದೇ ಕಿತ್ತು ಪಕ್ಕಕ್ಕಿಟ್ಟು)
ಬರೆಯಿತು:
ಸ್ನಾನಕ್ಕೆ ಹೇಳಬೇಕು. ಹೇಳಿದರೆ ಸಾಲದು.
ರಸ್ತೆಯಲ್ಲಿ ಕಾರಿನ ಬಣ್ಣ ನೋಡುತ್ತಾಳೆ, ಕಾರನ್ನಲ್ಲ.
ಒಲೆ ಆರಿಸಿದೆಯಾ ಎಂದರೆ ಯಾವ ದಿನದ್ದು ಎನ್ನುತ್ತಾಳೆ.
ಮುಟ್ಟಿನ ದಿನಗಳ ಬಗ್ಗೆ ಆರು ಸಾಲು.
ಅದನ್ನು ನೀವು ಮೂವರು ಓದುತ್ತೀರಿ, ಗೊತ್ತು.
ಓದುವಾಗ ಒಮ್ಮೆ ಕಿಟಕಿಯಾಚೆ ನೋಡಿ.

ಬರೆದು, ಬ್ರೆಡ್ಡಿನ ಡಬ್ಬದ ಹಿಂದೆ ಬಚ್ಚಿಟ್ಟೆ.
ಎಂಥ ಪೆದ್ದಿ ನಾನು.
ಈ ಮನೆಯಲ್ಲಿ ಯಾವ ಡಬ್ಬ ಅರ್ಧ ಅಂಗುಲ ಸರಿದರೂ
ಮೊದಲು ತಿಳಿಯುವುದು ಅವಳಿಗೆ.

ಬೆಳಿಗ್ಗೆ ಮೇಜಿನ ಮೇಲೆ ಹಾಳೆಗಳು, ಅಂಚಿಗೆ ಅಂಚು ಕೂಡಿಸಿ,
ತುಂಬ ಹಸಿರು ಶಾಯಿ.
'ಎರಡು ತಾಸು ಅತ್ತಳು' ಎಂಬಲ್ಲಿ ಗೆರೆ ಹೊಡೆದು
'ಒಂದು ತಾಸು ಐವತ್ತು ನಿಮಿಷ'.
'ಮಂಗಳವಾರ' ಎಂಬಲ್ಲಿ
'ಬುಧವಾರ. ಕಸದ ಲಾರಿ ಒಂದು ದಿನ ತಡವಾಗಿ ಬಂತು. ಅತ್ತದ್ದು ಅದಕ್ಕೇ.'
ನನಗೆ ಅದು ಗೊತ್ತೇ ಇರಲಿಲ್ಲ.

ನಾಲ್ಕನೇ ಪುಟ.
'ಅವಳಿಗೆ ಗೆಳೆಯರು ಯಾರೂ ಇಲ್ಲ' ಎಂದು ನಾನು ಬರೆದಲ್ಲಿ
ತಿದ್ದುಪಡಿಯಿಲ್ಲ.
ಪಕ್ಕದಲ್ಲಿ ಸಣ್ಣದೊಂದು ಸರಿ ಗುರುತು.

ಕೆಟಲ್ಲು ಕುದಿದು ತಾನಾಗಿ ಆರಿತು.
ಮತ್ತೆ ಒತ್ತಿದೆ. ಮತ್ತೆ ಆರಿತು.

ಮಾನ್ಯರೇ,
ನಕಲು ತೆಗೆಸದೆ ತಿದ್ದಿದ ಪ್ರತಿಯನ್ನೇ ಲಗತ್ತಿಸಿದ್ದೇನೆ.
ಹಸಿರು ಅವಳದು. ನೀಲಿಯಲ್ಲಿರುವ ತಪ್ಪುಗಳು ನನ್ನವು.
ವಿಚಾರಣೆಗೆ ಬರುತ್ತಾಳೆ, ಕೋಣೆಯ ಟ್ಯೂಬ್‌ಲೈಟು ಆರಿಸುವುದಾದರೆ.
ಏನು ಕೇಳಬೇಕೋ ಸರಿಯಾಗಿ ಕೇಳಿ;
ಕೇಳಿದಷ್ಟನ್ನೇ ಹೇಳುತ್ತಾಳೆ, ಅದರಲ್ಲಿ ಒಂದಿಷ್ಟೂ ಕಲಬೆರಕೆಯಿಲ್ಲ.

ಇನ್ನೊಂದು ಮಾತು.
ಇಲಾಖೆಯ ಪತ್ರದಲ್ಲಿ ಏಳನೇ ಪುಟ ಎರಡು ಸಲ ಇದೆಯಂತೆ,
ಎಂಟು ಇಲ್ಲವಂತೆ.
ತಿಳಿಸು ಅಂದಳು.
ತಿಳಿಸಿದ್ದೇನೆ.